ನಮ್ಮ ಉಪಪ್ರಾಂಶುಪಾಲರು ಯಾರಿಗೂ ಬೈಯಲ್ಲ. ಹೀಗೂ ಶಾಲೆ ನಡೆಸಬಹುದಾ?

ಲೀಜರ್ ಇಲ್ಲದ ಮೇಡಂ
ನಮಸ್ಕಾರ. ದೂರು ಹೇಳೋಕೆ ಬಂದಿದ್ದೀನೋ ಹೊಗಳೋಕೆ ಬಂದಿದ್ದೀನೋ ನನಗೇ ಗೊತ್ತಿಲ್ಲ, ಓದಿ ನೀವೇ ಹೇಳಿ.

ನಮ್ಮದು ಒಂದು ಕೆಪಿಎಸ್, ಅಂದ್ರೆ ಕರ್ನಾಟಕ ಪಬ್ಲಿಕ್ ಸ್ಕೂಲ್. ಒಂದನೇ ಕ್ಲಾಸಿಂದ ಪಿಯುಸಿವರೆಗೆ ಒಂದೇ ಕಾಂಪೌಂಡು. ನಾನು ಜಿಪಿಟಿ (6ರಿಂದ 8ಕ್ಕೆ ಪಾಠ ಮಾಡೋ ಪದವೀಧರ ಶಿಕ್ಷಕಿ), ವಿಜ್ಞಾನ. ಪ್ರಾಂಶುಪಾಲರಿಗೆ ಪಿಯು ನೋಡಿಕೊಳ್ಳೋದೇ ಸಾಕಾಗಿದೆ. ಪ್ರಾಥಮಿಕ ವಿಭಾಗದ ಮುಖ್ಯ ಶಿಕ್ಷಕರು ನಿವೃತ್ತಿಯಾದ ಮೇಲೆ ಆ ಹುದ್ದೆ ಖಾಲಿ. ಹಾಗಾಗಿ 6, 7, 8 ಮೂರೂ ಹೈಸ್ಕೂಲ್ ವಿಭಾಗದ ಉಪಪ್ರಾಂಶುಪಾಲರ ಕೊರಳಿಗೆ ಬಿದ್ದಿವೆ. ಜೂನ್‌ನಲ್ಲಿ ವರ್ಗವಾಗಿ ಬಂದವರು.

ಈ ಮನುಷ್ಯ ಬೈಯಲ್ಲ. ಮೆಮೊ ಕೊಡಲ್ಲ. ಚೇಂಬರಿಗೆ ಕರೆಸಲ್ಲ, ಏನಾದ್ರೂ ಹೇಳೋದಿದ್ರೆ ತಾವೇ ಸ್ಟಾಫ್ ರೂಮಿಗೆ ಬರ್ತಾರೆ. ಬೆಳಗ್ಗೆ ಗೇಟಿನ ಹತ್ತಿರ ನಿಂತಿರ್ತಾರೆ, ತಡವಾಗಿ ಬಂದ ಟೀಚರಿಗೂ ಮಗುವಿಗೂ ಒಂದೇ ಥರ ನಮಸ್ಕಾರ ಹೇಳ್ತಾರೆ. (ಆ ನಮಸ್ಕಾರ ಬೈಗುಳಕ್ಕಿಂತ ಚುಚ್ಚುತ್ತೆ ಅಂತ ನಮ್ಮ ಹಿಂದಿ ಮೇಡಂ ಹೇಳ್ತಾರೆ.) ಯಾರಾದ್ರೂ ರಜೆ ಹಾಕಿದ್ರೆ ಅಡ್ಜಸ್ಟ್‌ಮೆಂಟ್ ಪುಸ್ತಕದಲ್ಲಿ ಮೊದಲ ಬದಲಿ ಪೀರಿಯಡ್ ತಮ್ಮ ಹೆಸರಿಗೇ ಬರ್ಕೊಳ್ತಾರೆ.

ಇಷ್ಟಾದ್ರೆ ದೇವರಂಥವರು ಅಂತ ಸುಮ್ಮನಿರ್ತಿದ್ದೆ. ಆದ್ರೆ ಆಗಸ್ಟ್‌ನಲ್ಲಿ ಒಂದು ಘಟನೆ ಆಯ್ತು. ಏಳನೇ ಕ್ಲಾಸಿನ ಹುಡುಗನೊಬ್ಬ ನನ್ನ ಚಿತ್ರ ಬರೆದ. ಕನ್ನಡಕ ತಲೆ ಮೇಲೆ, ಬೆರಳು ಎತ್ತಿದ್ದು, ಸುತ್ತಲೂ "ಸೈಲೆನ್ಸ್ ಸೈಲೆನ್ಸ್" ಅಂತ. ಚಿತ್ರ ಚೆನ್ನಾಗೇ ಬಂದಿತ್ತು, ಅದೇ ಸಂಕಟ. ಅದನ್ನ ಅವರಮ್ಮನ ಫೋನಿಂದ ವಾಟ್ಸ್ಯಾಪ್ ಸ್ಟೇಟಸ್‌ಗೆ ಹಾಕಿದ. ಸಂಜೆ ಹಾಲಿನ ಡೇರಿ ಹತ್ತಿರ ಒಬ್ಬರು ನನ್ನನ್ನ ನೋಡಿ ನಕ್ಕಾಗಲೇ ನನಗೆ ಗೊತ್ತಾಗಿದ್ದು.

ಟಿಸಿ ಕೊಟ್ಟು ಕಳಿಸಿ ಅಂದೆ. "ಮೇಡಂ, ಏಳನೇ ಕ್ಲಾಸಿನ ಮಗೂನ ಹೊರಗೆ ಹಾಕೋಕೆ ಕಾನೂನಲ್ಲಿ ಬರಲ್ಲ" ಅಂದ್ರು. ಒಂದು ವಾರ ನನ್ನ ಪೀರಿಯಡ್‌ನಲ್ಲಿ ಹೊರಗೆ ನಿಲ್ಲಿಸ್ತೀನಿ ಅಂದೆ. "ಐದು ಪಾಠ ಹೋಗುತ್ತಲ್ಲ, ಅದನ್ನ ಮತ್ತೆ ಹೇಳಿಕೊಡೋರೂ ನೀವೇ" ಅಂದ್ರು. ಕೊನೆಗೆ ಅವರು ಮಾಡಿದ್ದೇನು ಗೊತ್ತಾ? ಸ್ಟೇಟಸ್ ಯಾರ್ಯಾರು ನೋಡಿದ್ದಾರೆ ಅಂತ ಫೋನಲ್ಲಿ ಬರುತ್ತಲ್ಲ, 27 ಜನ, ಅವರ ಹೆಸರೆಲ್ಲ ಅವರಮ್ಮನ ಎದುರಿಗೇ ಹುಡುಗನ ಕೈಲಿ ಬರೆಸಿದ್ರು. ಒಬ್ಬೊಬ್ಬರ ಹತ್ತಿರ ಹೋಗಿ "ನಾನು ಹಾಕಿದ್ದು ತಪ್ಪು" ಅಂತ ಹೇಳಿ, ಹೆಸರಿನ ಮುಂದೆ ಟಿಕ್ ಹಾಕ್ಕೊಂಡು ಬಾ ಅಂದ್ರು. ಸ್ತ್ರೀಶಕ್ತಿ ಸಂಘದ ಹೆಂಗಸರು, ಅಂಗನವಾಡಿ ಕಾರ್ಯಕರ್ತೆ, ಎಸ್‌ಡಿಎಂಸಿ (ಶಾಲಾ ಸಮಿತಿ) ಅಧ್ಯಕ್ಷರ ಹೆಂಡತಿ, ಎಲ್ಲರ ಮನೆಗೂ ಹೋಗಿ ಬಂದ. ಮರೆತಿದ್ದೋರಿಗೂ ನೆನಪಾಯ್ತು!

ಪ್ರಶ್ನೆ ಇಷ್ಟೇ. ಇದು ನಾಯಕತ್ವವಾ? ಇಲ್ಲಾ ಕಷ್ಟದ ನಿರ್ಧಾರ ತಗೊಳ್ಳೋಕಾಗದೆ ಒಳ್ಳೆಯವರಾಗಿ ಉಳಿಯೋ ಉಪಾಯವಾ?

ಗೇಟ್ ಹೊರಗಿನವನು
27 ಮನೆ ಹತ್ತಿ ಇಳಿಯೋದಾ? ನನಗಾಗಿದ್ರೆ ಎರಡು ಏಟು ತಿಂದು ಮನೆಗೆ ಹೋಗ್ತೀನಿ ಸಾರ್ ಅಂತಿದ್ದೆ 😂

ಸೆಕ್ಷನ್ ಹದಿನೇಳು
ಏಟಿನ ಮಾತು ತಮಾಷೆಗೂ ಬೇಡ. ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) 2009ರ ಸೆಕ್ಷನ್ 17 ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಎರಡನ್ನೂ ನಿಷೇಧಿಸುತ್ತೆ. ಟಿಸಿ ವಿಷಯದಲ್ಲೂ ಅವರು ಹೇಳಿದ್ದೇ ಸರಿ. ಸೆಕ್ಷನ್ 16ರ ಪ್ರಕಾರ ಎಂಟನೇ ತರಗತಿ ಮುಗಿಯೋವರೆಗೆ ಮಗುವನ್ನ ಶಾಲೆಯಿಂದ ಹೊರಹಾಕುವ ಹಾಗಿಲ್ಲ. 2019ರ ತಿದ್ದುಪಡಿ ಬಂದಿದ್ದು ಫೇಲ್ ಮಾಡೋ ವಿಷಯಕ್ಕೆ ಮಾತ್ರ, ಹೊರಹಾಕೋದಕ್ಕಲ್ಲ. ತುಂಬಾ ಜನ ಎರಡನ್ನೂ ಕಲಸಿಬಿಡ್ತಾರೆ.

ಆದರೆ ನನ್ನದೊಂದು ತಕರಾರು. 27 ಜನರ ಮುಂದೆ ತಪ್ಪೊಪ್ಪಿಕೊಳ್ಳಿಸಿದ್ದು ಮಾನಸಿಕ ಕಿರುಕುಳ ಅಲ್ಲವೇ? ಯಾರಾದ್ರೂ ದೂರು ಕೊಟ್ಟರೆ ಉಪಪ್ರಾಂಶುಪಾಲರು ಉತ್ತರ ಹೇಳಬೇಕಾಗುತ್ತೆ.

ಕರಾವಳಿ ಟೀಚರ್
ಎಂತ ಮಾರಾಯ್ರೆ, ಎಲ್ಲದಕ್ಕೂ ಸೆಕ್ಷನ್ ಹುಡುಕುದಾ? ಹುಡುಗ ಹಾಕಿದ್ದು 27 ಜನರಿಗೆ, ಹೇಳಿದ್ದೂ ಅದೇ 27 ಜನರಿಗೆ. ಲೆಕ್ಕ ಸರಿ ಉಂಟಲ್ಲ.

ಸೆಕ್ಷನ್ ಹದಿನೇಳು
ಲೆಕ್ಕ ಸರಿ ಇದ್ದ ಮಾತ್ರಕ್ಕೆ ನ್ಯಾಯ ಸರಿ ಇರಬೇಕಂತಿಲ್ಲ ಮೇಡಂ.

ಹಳೇ ಮೇಷ್ಟ್ರು (ನಿವೃತ್ತ)
ನಮ್ಮ ಕಾಲದಲ್ಲಿ ಮಿಡ್ಲ್ ಸ್ಕೂಲ್ ಅಂದ್ರೆ 5ರಿಂದ 7. ಏಳರಲ್ಲಿ ಪಬ್ಲಿಕ್ ಪರೀಕ್ಷೆ. ಆ ವಯಸ್ಸಿನ ಮಕ್ಕಳನ್ನ ಸಂಭಾಳಿಸೋದೇ ಒಂದು ವಿದ್ಯೆ. ಐದರ ಮಗು ಹೇಳಿದ್ದು ಕೇಳುತ್ತೆ, ಹತ್ತರದ್ದಕ್ಕೆ ಎಸ್ಸೆಸ್ಸೆಲ್ಸಿ ಭಯ. ಮಧ್ಯದ್ದಕ್ಕೆ ಭಯವೂ ಇಲ್ಲ, ಭಕ್ತಿಯೂ ಇಲ್ಲ.

ನಾನು ಎರಡು ವರ್ಷ ಪ್ರಭಾರಿ ಮುಖ್ಯ ಶಿಕ್ಷಕ ಆಗಿದ್ದೆ. ಚಾರ್ಜು ಕೊಟ್ಟರು, ಅಧಿಕಾರ ಕೊಡಲಿಲ್ಲ. ನಾನೂ ಅವರ ಹಾಗೇ ಸಹಶಿಕ್ಷಕ, ನನ್ನ ಮಾತು ಯಾರು ಕೇಳ್ತಾರೆ? ಹಾಗಾಗಿ ಕೆಂಪು ಪೆನ್ನು ಹಿಡಿದೆ. ಪ್ರಾರ್ಥನೆ ಮುಗಿದ ಮೇಲೆ ಬಂದವರ ಹೆಸರಿನ ಕೆಳಗೆ ಹಾಜರಿ ಪುಸ್ತಕದಲ್ಲಿ ಕೆಂಪು ಗೆರೆ. ಮೂರು ತಿಂಗಳು ರಾಜನ ಹಾಗೆ ಇದ್ದೆ. ಒಂದು ದಿನ ನಾನು ಬರ್ತಿದ್ದ ಬಸ್ಸು ಘಾಟಿಯಲ್ಲಿ ಕೆಟ್ಟು ನಿಂತಿತು. ಹತ್ತೂಮುಕ್ಕಾಲಿಗೆ ಬಂದು ಕೂತೆ. ನಮ್ಮ ಜವಾನ ಏನೂ ಮಾತಾಡದೆ ಹಾಜರಿ ಪುಸ್ತಕ ತಂದು, ಬಿಡಿಸಿ, ಪಕ್ಕದಲ್ಲಿ ಕೆಂಪು ಪೆನ್ನು ಇಟ್ಟು ಹೋದ. ಮುಚ್ಚಳ ಬೇರೆ ತೆಗೆದಿಟ್ಟಿದ್ದ! ನನ್ನ ಹೆಸರಿಗೆ ನಾನೇ ಗೆರೆ ಎಳೆದುಕೊಂಡೆ. ಮರುದಿನದಿಂದ ಪುಸ್ತಕ ನನ್ನ ಮೇಜು ಬಿಟ್ಟು ಸ್ಟಾಫ್ ರೂಮಿಗೆ ಹೋಯಿತು.

ನಿಮ್ಮ ಸಾಹೇಬರು ಬಹುಶಃ ಎಲ್ಲೋ ಒಂದು ಕಡೆ ಹೀಗೆ ಗೆರೆ ಎಳೆಸಿಕೊಂಡು ಬಂದವರೇ ಇರಬೇಕು.

ಗೇಟ್ ಹೊರಗಿನವನು
ಆ ಜವಾನನ್ನ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮಾಡಬೇಕಿತ್ತು.

ಎರಡನೇ ಪೀರಿಯಡ್
ಎಲ್ಲರೂ ಕರಗಿ ನೀರಾಗ್ತಿದ್ದೀರಿ, ನಾನು ಸ್ವಲ್ಪ ಖಾರವಾಗಿ ಹೇಳ್ತೀನಿ. ಬದಲಿ ಪೀರಿಯಡ್‌ನೆಲ್ಲ ತಾನೇ ತಗೊಳ್ಳೋದು ನಾಯಕತ್ವ ಅಲ್ಲ, ಕೂಲಿ. ನಮ್ಮಲ್ಲೂ ಇಂಥವರೊಬ್ಬರಿದ್ದರು. ರಜೆ ಹಾಕೋರಿಗೆ ಹಬ್ಬ. "ಸಾರ್ ಇದ್ದಾರಲ್ಲ ಬಿಡಿ" ಅಂತ ಸೋಮವಾರ, ಶನಿವಾರ ಲೆಕ್ಕ ಹಾಕಿ ಸಿಎಲ್. ನಿಯತ್ತಾಗಿ ದುಡಿಯೋರು ದುಡಿದು ಸತ್ತರು, ಕಳ್ಳಾಟದವರು ಆರಾಮಾಗಿದ್ದರು. ಒಂದು ಸಲ, ಒಂದೇ ಒಂದು ಸಲ ಅವರು ಬಾಯಿ ಬಿಟ್ಟು "ಏನ್ರೀ ಇದು" ಅಂದಿದ್ದರೆ ಸಾಕಿತ್ತು.

ಅಷ್ಟು ಹೊತ್ತು ಕ್ಲಾಸಲ್ಲಿದ್ದ ಮನುಷ್ಯ ಬೇರೆಯವರ ಪಾಠ ಯಾವಾಗ ನೋಡ್ತಾನೆ? ಆರನೇ ಕ್ಲಾಸಿನ ಮಗುವಿಗೆ ಭಿನ್ನರಾಶಿ ಬರ್ತಿಲ್ಲ ಅಂದ್ರೆ ಅದನ್ನ ಹಿಡಿಯೋದು ಯಾರು? ಗೇಟಲ್ಲಿ ನಮಸ್ಕಾರ ಮಾಡೋಕೆ ವಾಚ್‌ಮನ್ ಸಾಕು.

ಕರಾವಳಿ ಟೀಚರ್
ವಾಚ್‌ಮನ್ ಹುದ್ದೆಯೇ ಇಲ್ಲ ನಮ್ಮಲ್ಲಿ 🙂

ಸಿಆರ್‌ಪಿ ಅಣ್ಣ
@ಎರಡನೇ ಪೀರಿಯಡ್ ಅರ್ಧ ಒಪ್ತೀನಿ. ನಾನು ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ), ತಿಂಗಳಿಗೆ ಹತ್ತಾರು ಶಾಲೆ ಸುತ್ತೋನು. ಶಾಲೆ ಮುಖ್ಯಸ್ಥರ ದಿನ ಹೇಗೆ ಹೋಗುತ್ತೆ ಅಂತ ಹೊರಗಿನವರಿಗೆ ಗೊತ್ತಿಲ್ಲ. ಮಕ್ಕಳ ಆನ್‌ಲೈನ್ ದಾಖಲೆ ಎಸ್‌ಎಟಿಎಸ್‌ಗೆ ಹಾಜರಿ, ಬಿಸಿಯೂಟದ ಲೆಕ್ಕ, ಶಾಲೆಯ ಅಂಕಿಅಂಶ ತುಂಬೋ ಯುಡೈಸ್, ಶೂ ಅಳತೆ, ಮಧ್ಯೆ "ಈಗಿಂದೀಗಲೇ" ಅಂತ ಬಿಇಒ ಕಚೇರಿಯಿಂದ ಗ್ರೂಪಿಗೆ ಮೆಸೇಜು. ಮೊಟ್ಟೆ ಬಂದ ಮೇಲಂತೂ ಕೇಳಲೇಬೇಡಿ. ಮೊಟ್ಟೆಗೆ ಕೊಡೋ ದುಡ್ಡಲ್ಲೇ ಸಾಗಾಟ, ಗ್ಯಾಸು, ಸುಲಿಯೋ ಕೂಲಿ ಎಲ್ಲ. ಮಾರ್ಕೆಟ್ ರೇಟು ಏರಿದ್ರೆ ಜೇಬಿಂದ. ಇದರ ಮಧ್ಯೆ ಒಬ್ಬರು ದಿನಾ ಒಂದು ಪೀರಿಯಡ್ ಕ್ಲಾಸಿಗೆ ಹೋಗ್ತಾರೆ ಅಂದ್ರೆ ನನಗೆ ಅದೇ ದೊಡ್ಡದು.

ಧಾರವಾಡದ ಸಿಸ್ಲೆಪ್ ಅನ್ನೋ ಸರ್ಕಾರಿ ಸಂಸ್ಥೆಯಲ್ಲಿ ಶಾಲಾ ನಾಯಕತ್ವದ ತರಬೇತಿ ಕೊಡ್ತಾರೆ. ಹಂಚಿಕೊಂಡ ನಾಯಕತ್ವ ಅಂತ ಒಂದು ಪಾಠವೇ ಇದೆ. ಎಲ್ಲರೂ ಬರ್ಕೊಂಡು ಬರ್ತೀವಿ. ಬಂದ ಮೇಲೆ ಹಂಚೋದು ಕೆಲಸ, ಇಟ್ಕೊಳ್ಳೋದು ನಾಯಕತ್ವ.

ಗದಗ ಕಡೆಯವ
ಮೇಡಮ್ಮಾರ, ಬಾಯಿಮಾತ ಬ್ಯಾಡ್ರಿ. ಅಡ್ಜಸ್ಟ್‌ಮೆಂಟ್ ಪುಸ್ತಕ ತಗೀರಿ, ಜೂನ್‌ದಿಂದ ಇಲ್ಲೀತನ ಯಾರು ಎಷ್ಟು ಬದಲಿ ತಗೊಂಡಾರ ಎಣಿಸ್ರಿ. ಆಮ್ಯಾಲ ಮಾತಾಡೂಣು. ಸುಮ್ಮ ಇಲ್ಲಿ ಕುಂತು ಅವರ ದೇವರೋ ದೆವ್ವೋ ಅಂತ ತೀರ್ಮಾನ ಮಾಡಿದ್ರ ಹೆಂಗ್ರಿ?

ಪಿಎಸ್‌ಟಿ ನೋವು
6ರಿಂದ 8 ಅಂತ ವಿಭಾಗ ಮಾಡಿದ್ದೇ ತಪ್ಪು. 1ರಿಂದ 7ಕ್ಕೆ ನೇಮಕವಾದ ನಮ್ಮನ್ನ 2017ರ ವೃಂದ ಮತ್ತು ನೇಮಕಾತಿ ನಿಯಮ ತಂದು 1ರಿಂದ 5ಕ್ಕೆ ಇಳಿಸಿದ್ರು. ಪದವಿ, ಬಿಎಡ್ ಎಲ್ಲ ಇದ್ದೂ ಪಿಎಸ್‌ಟಿ, ಅಂದ್ರೆ ಬರೀ ಪ್ರಾಥಮಿಕ ಶಾಲಾ ಶಿಕ್ಷಕರು. ಆದ್ರೆ 6-7ಕ್ಕೆ ಪಾಠ ಮಾಡಿ ಅಂತಾರೆ. ಮೊದಲು ಇದನ್ನ ಬಗೆಹರಿಸಲಿ, ಆಮೇಲೆ ನಾಯಕತ್ವ.

ಇನ್ನೊಬ್ಬ ಜಿಪಿಟಿ
ಪರೀಕ್ಷೆ ಬರೆದು ಬಂದವರು ನಾವು. ಸೇವಾ ಹಿರಿತನ ಬೇಕು ಅಂದ್ರೆ...

ನಿರ್ವಾಹಕ
ಪಿಎಸ್‌ಟಿ-ಜಿಪಿಟಿ ಜಗಳಕ್ಕೆ ಬೇರೆ ಎಳೆ ಇದೆ, 400 ಕಾಮೆಂಟ್ ಆಗಿದೆ, ಅಲ್ಲಿಗೇ ಹೋಗಿ ಹೊಡೆದಾಡಿ. ಇಲ್ಲಿ ಬೇಡ.

ಟೆಕ್ಸಾಸ್ ಗಣಿತ
ನಾನು ಹಾಸನದವಳು, ಇಲ್ಲಿ ಅಮೆರಿಕದಲ್ಲಿ ಮಿಡ್ಲ್ ಸ್ಕೂಲಲ್ಲಿ ಗಣಿತ ಹೇಳಿಕೊಡ್ತೀನಿ. ಇಲ್ಲಿ ಅದು 6, 7, 8. ನಮ್ಮ ಶಾಲೆಯಲ್ಲಿ ಮೂರು ಜನ ಅಸಿಸ್ಟೆಂಟ್ ಪ್ರಿನ್ಸಿಪಾಲ್, ಒಂದೊಂದು ಗ್ರೇಡಿಗೆ ಒಬ್ಬೊಬ್ಬರು. ಕೈಯಲ್ಲಿ ವಾಕಿಟಾಕಿ. ಬೆಳಗ್ಗೆ ಬಸ್ ಇಳಿಸೋದು, ಮಧ್ಯಾಹ್ನ ಊಟದ ಹಾಲಲ್ಲಿ ನಿಲ್ಲೋದು, ಸಂಜೆ ಬಸ್ ಹತ್ತಿಸೋದು, ನಡುವೆ ಜಗಳದ ವಿಚಾರಣೆ. ಕ್ಲಾಸಲ್ಲಿ ಮಗು ಗಲಾಟೆ ಮಾಡಿದ್ರೆ ನಾವು ರೆಫರಲ್ ಬರೆದು ಅವರ ಕಡೆ ತಳ್ಳಿಬಿಡ್ತೀವಿ. ಜೊತೆಗೆ ನಮ್ಮ ಪಾಠದ ಮೌಲ್ಯಮಾಪನವೂ ಅವರದ್ದೇ. ಟೆಕ್ಸಾಸ್‌ನಲ್ಲಿ ಟಿ-ಟೆಸ್ ಅಂತ ಪದ್ಧತಿ ಇದೆ, 45 ನಿಮಿಷ ಹಿಂದೆ ಕೂತು ನೋಡ್ತಾರೆ.

ಅಂದ್ರೆ ಬೆಳಗ್ಗೆ "ನಿಮ್ಮ ಜೊತೆ ಇದ್ದೀನಿ" ಅನ್ನೋ ಮನುಷ್ಯನೇ ಮಧ್ಯಾಹ್ನ ನಿಮಗೆ ಅಂಕ ಹಾಕೋನು. ಇದೇ ಈ ಹುದ್ದೆಯ ಎಡವಟ್ಟು. ಇಲ್ಲಿನ ವ್ಯಾಲೇಸ್ ಫೌಂಡೇಶನ್ ಅನ್ನೋ ಸಂಸ್ಥೆ 2021ರಲ್ಲಿ ಈ ಹುದ್ದೆ ಬಗ್ಗೆ ಒಂದು ವರದಿ ತಂದಿತ್ತು. 25 ವರ್ಷದಲ್ಲಿ ಪ್ರಿನ್ಸಿಪಾಲರಿಗಿಂತ ಸುಮಾರು ಆರು ಪಟ್ಟು ವೇಗವಾಗಿ ಅಸಿಸ್ಟೆಂಟ್ ಪ್ರಿನ್ಸಿಪಾಲರ ಸಂಖ್ಯೆ ಬೆಳೆದಿದೆ ಅಂತ ಅದರಲ್ಲಿದೆ. ಆದ್ರೂ ಅವರ ಕೆಲಸ ಏನು ಅಂತ ಕೇಳಿದ್ರೆ ಒಂದೊಂದು ಶಾಲೆಯಲ್ಲಿ ಒಂದೊಂದು ಉತ್ತರ.

ನಿಮ್ಮ ಹುಡುಗನ ವಿಷಯ. ಇಲ್ಲಾಗಿದ್ರೆ ಮೂರು ದಿನ ಸಸ್ಪೆಂಡ್ ಆಗ್ತಿದ್ದ, ಮನೇಲಿ ವಿಡಿಯೊ ಗೇಮ್ ಆಡ್ಕೊಂಡು ಖುಷಿಯಾಗಿ ಇರ್ತಿದ್ದ. ಈಚೆಗೆ ಅದರ ಬದಲು ತಪ್ಪು ಮಾಡಿದವನನ್ನೂ ನೊಂದವರನ್ನೂ ಎದುರು ಕೂರಿಸಿ ಮಾತಾಡಿಸೋ ಪದ್ಧತಿ ಕೆಲವು ಕಡೆ ಬಂದಿದೆ. ಆದ್ರೆ ಅದರಲ್ಲಿ ಮೊದಲು ಕೇಳೋದು ನೊಂದವರನ್ನ. ನಿಮ್ಮ ಸಾರ್ 27 ಜನರ ಹತ್ತಿರ ಕಳಿಸಿದ್ರು, ಸರಿ. ಅವನು ನಿಮ್ಮ ಹತ್ತಿರ ಬಂದನಾ?

ಲೀಜರ್ ಇಲ್ಲದ ಮೇಡಂ
@ಟೆಕ್ಸಾಸ್ ಗಣಿತ ಇಲ್ಲ. ಅದನ್ನೇ ಯಾರೂ ಕೇಳಿರಲಿಲ್ಲ ನೋಡಿ. ನನ್ನ ಹೆಸರು ಪಟ್ಟಿಯಲ್ಲೇ ಇರಲಿಲ್ಲ, ನಾನು ಸ್ಟೇಟಸ್ ನೋಡಿದವಳಲ್ಲವಲ್ಲ.

ಕರಾವಳಿ ಟೀಚರ್
ಅಯ್ಯೋ ದೇವ್ರೆ. ಲೆಕ್ಕ ಸರಿ ಇಲ್ಲ ಹಾಗಾದ್ರೆ. ವಾಪಸ್ ತಗೊಂಡೆ.

ಏಳನೇ ಕ್ಲಾಸಿನ ಅಮ್ಮ
ನನ್ನ ಮಗನೂ ಹೀಗೇ ಒಂದು ಸಲ ಸಿಕ್ಕಿಬಿದ್ದಿದ್ದ, ಖಾಸಗಿ ಶಾಲೆ. ನನ್ನನ್ನ ಕರೆಸಿ, ಎಲ್ಲ ಟೀಚರ್ ಎದುರಿಗೆ ನಿಲ್ಲಿಸಿ, ಕ್ಷಮಾಪಣೆ ಪತ್ರಕ್ಕೆ ನನ್ನ ಸಹಿ ಹಾಕಿಸಿಕೊಂಡ್ರು. ತಪ್ಪು ಮಾಡಿದ್ದು ಅವನು, ತಲೆ ತಗ್ಗಿಸಿದ್ದು ನಾನು. ಅವನು ಮೂಲೆಯಲ್ಲಿ ಫ್ಯಾನ್ ನೋಡ್ತಾ ನಿಂತಿದ್ದ. ನಿಮ್ಮ ಶಾಲೆ ಹುಡುಗ ತಾನೇ ನಡೆದು ಹೋಗಿ ಹೇಳಿದ್ನಲ್ಲ, ನನಗದು ಇಷ್ಟ ಆಯ್ತು. ಮೇಡಂ ಹತ್ತಿರ ಮೊದಲು ಬರಬೇಕಿತ್ತು ಅನ್ನೋದೂ ನಿಜ.

ಪ್ರಭಾರಿ ಅಕ್ಕ
ಯಾರೂ ಹೇಳದ ಒಂದು ಮಾತು ಹೇಳ್ಲಾ? ನಾನು ಮೂರು ವರ್ಷದಿಂದ ಹಿರಿಯ ಪ್ರಾಥಮಿಕ ಶಾಲೆಯ ಪ್ರಭಾರಿ ಮುಖ್ಯ ಶಿಕ್ಷಕಿ. 140 ಮಕ್ಕಳು. ಮೇಲಿನ ತರಗತಿಗಳಲ್ಲಿ 100ಕ್ಕಿಂತ ಜಾಸ್ತಿ ಮಕ್ಕಳಿದ್ರೆ ಪೂರ್ಣಾವಧಿ ಮುಖ್ಯ ಶಿಕ್ಷಕರು ಬೇಕು ಅಂತ ಆರ್‌ಟಿಇ ಅನುಸೂಚಿ ಹೇಳುತ್ತೆ. ನಮ್ಮಲ್ಲಿ 6ರಿಂದ 8ಕ್ಕೆ ಅಷ್ಟಿಲ್ಲ, ಹಾಗಾಗಿ ನನಗೆ ಪಾಠವೂ ಪೂರ್ತಿ, ಪ್ರಭಾರವೂ ಪೂರ್ತಿ.

ನಾನೂ ಬೈಯಲ್ಲ. ನಾನೂ ಬದಲಿ ತಗೋತೀನಿ. ನನಗೆ ಏನಂತಾರೆ ಗೊತ್ತಾ? "ಮೇಡಂಗೆ ಹಿಡಿತ ಇಲ್ಲ." ಅದೇ ಗಂಡಸು ಮಾಡಿದ್ರೆ ಇಲ್ಲಿ ಇಪ್ಪತ್ತು ಜನ ಕೂತು ಇದು ನಾಯಕತ್ವವಾ ಅಂತ ಚರ್ಚೆ ಮಾಡ್ತಾರೆ. ಒಂದು ದಿನ ಜೋರು ಮಾಡಿದೆ. ಮಧ್ಯಾಹ್ನಕ್ಕೆಲ್ಲ "ಬಜಾರಿ" ಅಂತ ಬಿರುದು ಬಂತು. ನಮಗೆ ನಡುವಿನ ದಾರಿ ಅಂತ ಒಂದು ಇಲ್ಲವೇ ಇಲ್ಲ.

ಲೀಜರ್ ಇಲ್ಲದ ಮೇಡಂ
ಅಕ್ಕಾ, ಚುರ್ ಅಂತು. ನಿಜ ಹೇಳ್ತೀನಿ, ಹಿಂದೆ ಇದ್ದ ಪ್ರಭಾರಿ ಮೇಡಂ ಬಗ್ಗೆ ನಾನೇ "ಹಿಡಿತ ಇಲ್ಲ" ಅಂತ ಹೇಳಿದ್ದೀನಿ.

ಗದಗ ಕಡೆಯವ
ಪುಸ್ತಕ ಎಣಿಸಿದ್ರೋ ಇಲ್ಲೋ?

ಲೀಜರ್ ಇಲ್ಲದ ಮೇಡಂ
ಎಣಿಸಿದೆ ಅಣ್ಣ. ಇವತ್ತು ಮಧ್ಯಾಹ್ನ ಊಟದ ಹೊತ್ತಲ್ಲಿ ಕೂತು ಎಣಿಸೋಣ ಅಂತ ಪುಸ್ತಕ ತೆಗೆದ್ರೆ, ಎಣಿಸೋ ಅಗತ್ಯವೇ ಇರಲಿಲ್ಲ. ಪ್ರತಿ ತಿಂಗಳ ಕೊನೆಯ ಪುಟದಲ್ಲಿ ಪೆನ್ಸಿಲ್‌ನಲ್ಲಿ ಪುಟ್ಟದಾಗಿ ಒಬ್ಬೊಬ್ಬರ ಹೆಸರು, ಮುಂದೆ ಒಟ್ಟು. ಅವರದೇ ಅಕ್ಷರ. ಜೂನ್‌ನಿಂದ ಅಕ್ಟೋಬರ್‌ವರೆಗೆ ಅವರು 61, ನಾನು 38. ಒಬ್ಬರು 6, ಇನ್ನೊಬ್ಬರು 4. ಆ ಪುಸ್ತಕ ಜೂನ್‌ನಿಂದ ಸ್ಟಾಫ್ ರೂಮಿನ ಮೇಜಿನ ಮೇಲೇ ಬಿದ್ದಿದೆ. ನಾವೆಲ್ಲ ಅದರ ಮೇಲೆ ಟಿಫಿನ್ ಡಬ್ಬಿ ಇಟ್ಟು ಊಟ ಮಾಡ್ತೀವಿ. ಸೆಪ್ಟೆಂಬರ್ ಪುಟದಲ್ಲಿ ಸಾರಿನ ಕಲೆ ಬೇರೆ.

ಎರಡನೇ ಪೀರಿಯಡ್
ನೋಡಿದ್ರಾ! ಲೆಕ್ಕ ಗೊತ್ತಿದೆ ಅವರಿಗೆ. ಗೊತ್ತಿದ್ದೂ 6 ಮತ್ತು 4ರವರಿಗೆ ಒಂದು ಮಾತು ಹೇಳಿಲ್ಲ. ಇದು ಇನ್ನೂ ಕೆಟ್ಟದ್ದು.

ಹಳೇ ಮೇಷ್ಟ್ರು (ನಿವೃತ್ತ)
ಹೇಳಿಲ್ಲ ಅಂತ ನಿಮಗೆ ಹೇಗೆ ಗೊತ್ತು? ಹೇಳಿದ್ದನ್ನ ಮೂರನೆಯವರಿಗೆ ಗೊತ್ತಾಗದ ಹಾಗೆ ಹೇಳಿರಬಹುದು.

ಎರಡನೇ ಪೀರಿಯಡ್
ಹಾಗೆ ಹೇಳಿದ್ದು ನಾಟಿದ್ದಿದ್ರೆ 4 ಅಷ್ಟರಲ್ಲಿ 14 ಆಗಿರಬೇಕಿತ್ತು ಸಾರ್.

ಸಿಆರ್‌ಪಿ ಅಣ್ಣ
ಒಂದು ವಿಷಯ ಮರೀಬೇಡಿ. 6-7ರ ಶಿಕ್ಷಕರ ಸಂಬಳ ಆಗೋದು ಬಿಇಒ ಕಚೇರಿಯಿಂದ. ಹೈಸ್ಕೂಲ್ ವಿಭಾಗದ ಉಪಪ್ರಾಂಶುಪಾಲರ ಕೈಯಲ್ಲಿ ಅವರ ಜುಟ್ಟಿಲ್ಲ. ಬೈದ್ರೆ "ನೀವ್ಯಾರು ಕೇಳೋಕೆ" ಅಂತಾರೆ, ಸಂಘದವರು ಬರ್ತಾರೆ, ಮೂರು ತಿಂಗಳು ಅದೇ ಪಂಚಾಯ್ತಿ. ಕೈಯಲ್ಲಿ ಕೋಲಿಲ್ಲದವನು ಪೆನ್ಸಿಲ್ ಹಿಡಿದಿದ್ದಾನೆ.

ಸೆಕ್ಷನ್ ಹದಿನೇಳು
6ರಿಂದ 8ಕ್ಕೆ ವರ್ಷಕ್ಕೆ 220 ದಿನ, 1000 ಗಂಟೆ ಪಾಠ ಆಗಬೇಕು ಅಂತ ಕಾನೂನು. ಅವರು ತಗೊಂಡ ಆ 61 ಪೀರಿಯಡ್ ಖಾಲಿ ಹೋಗಿದ್ರೆ ನಷ್ಟ ಮಕ್ಕಳಿಗೆ. ಶಿಕ್ಷಕರ ನಡುವಿನ ನ್ಯಾಯ ಆಮೇಲೆ ನೋಡಿಕೊಳ್ಳೋಣ, ಮೊದಲು ಮಕ್ಕಳ ಗಂಟೆ ಉಳಿಸೋಣ ಅಂತ ಅವರ ಲೆಕ್ಕ ಇದ್ದರೂ ಇರಬಹುದು. ಪಟ್ಟಿ ವಿಷಯದಲ್ಲಿ ನನ್ನ ತಕರಾರು ಹಾಗೇ ಇದೆ.

ಗೇಟ್ ಹೊರಗಿನವನು
ಆ ಪುಟದ ಫೋಟೊ ತೆಗೆದು ಸ್ಟಾಫ್ ಗ್ರೂಪಿಗೆ ಹಾಕಿ ಮೇಡಂ. ಮಜಾ ಇರುತ್ತೆ.

ಪ್ರಭಾರಿ ಅಕ್ಕ
ಖಂಡಿತ ಬೇಡ. ಆ ಹುಡುಗ ಮಾಡಿದ್ದೂ ಅದನ್ನೇ ಅಲ್ವಾ? ಚಿತ್ರ ನಿಜವಾಗೇ ಇತ್ತು, ಹಾಕಿದ ಜಾಗ ತಪ್ಪಿತ್ತು.

ಗದಗ ಕಡೆಯವ
ಅಕ್ಕಾರು ಹೇಳಿದ್ದು ಖರೆ. ಹೋಗಿ ಸಾಹೇಬ್ರನ್ನ ಸೀದಾ ಕೇಳ್ರಿ.

ಲೀಜರ್ ಇಲ್ಲದ ಮೇಡಂ
ಕೇಳಿದೆ. ನಿನ್ನೆ ಸಂಜೆ ಗೇಟಿನ ಹತ್ತಿರ. ಎರಡೂ ಕೇಳಿದೆ.

ಪುಸ್ತಕದ ವಿಷಯಕ್ಕೆ, "4 ಇರೋರ ಮನೇಲಿ ತಾಯಿಗೆ ಡಯಾಲಿಸಿಸ್ ನಡೀತಿದೆ, ಅದು ಅವರು ನನಗೆ ಮಾತ್ರ ಹೇಳಿದ್ದು, ಈಗ ನಿಮಗೂ ಗೊತ್ತಾಯ್ತು, ಅಲ್ಲಿಗೇ ಇರಲಿ" ಅಂದ್ರು. (ಇಲ್ಲಿ ನಮ್ಮ ಶಾಲೆ ಯಾವುದು ಅಂತ ಯಾರಿಗೂ ಗೊತ್ತಿಲ್ಲ ಅನ್ನೋ ಧೈರ್ಯಕ್ಕೆ ಬರೀತಿದ್ದೀನಿ.) 6 ಇರೋರದ್ದು ಏನು ಸಾರ್ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವರದ್ದು ಸೋಮಾರಿತನ. ಹೇಳೋಕೆ ನನಗೆ ಆಗಿಲ್ಲ. ನನ್ನ ತಪ್ಪೇ" ಅಂದ್ರು.

ಎರಡನೇ ಪೀರಿಯಡ್ ಅವರೇ, ಅರ್ಧ ಗೆದ್ರಿ ನೀವು.

ಹುಡುಗನ ವಿಷಯ ಕೇಳ್ದಾಗ ಮುಖ ಸಣ್ಣ ಮಾಡಿಕೊಂಡ್ರು. "28ನೇ ಹೆಸರು ನಿಮ್ಮದು ಬರೀಬೇಕಿತ್ತು. ನೀವು ಸಿಟ್ಟಲ್ಲಿದ್ರಿ, ಅವನನ್ನ ಆಗ ಕಳಿಸಿದ್ರೆ ನೀವು ಏನಾದ್ರೂ ಅಂದು ಆಮೇಲೆ ನೀವೇ ಬೇಜಾರು ಮಾಡ್ಕೋತೀರಿ ಅಂತ ಮುಂದೂಡಿದೆ. ಆಮೇಲೆ ಮರೆತೇ ಹೋಯ್ತು" ಅಂದ್ರು. ಮರೆತೇ ಹೋಯ್ತಂತೆ! ಮೂರು ತಿಂಗಳು ನಾನು ಒಳಗೊಳಗೇ ಕುದೀತಿದ್ದೀನಿ.

ಟೆಕ್ಸಾಸ್ ಗಣಿತ
ಕೆಳಗಿನವರ ಎದುರಿಗೆ "ನನ್ನ ತಪ್ಪೇ" ಅನ್ನೋದು ಇಲ್ಲೂ ಅಪರೂಪ ಕಣ್ರೀ. ಆದ್ರೆ ನಿಮಗೆ ಕೋಪ ಇಳಿಯದೆ ಇದ್ರೆ ಅದೂ ಸರಿಯೇ.

ಎರಡನೇ ಪೀರಿಯಡ್
ತಪ್ಪು ಅಂತ ಒಪ್ಪಿಕೊಂಡಿದ್ದು ಸರಿ. ಇನ್ನು ಆ 6ರವರಿಗೆ ಯಾವಾಗ ಹೇಳ್ತಾರಂತೆ?

ಲೀಜರ್ ಇಲ್ಲದ ಮೇಡಂ
ನಾನೂ ಅದನ್ನೇ ಕೇಳ್ದೆ. "ನೀವು ಜೊತೆಗಿದ್ರೆ ನಾಳೆ ಹೇಳ್ತೀನಿ" ಅಂದ್ರು. ನನ್ನನ್ನ ಯಾಕೆ ಸಾರ್ ಎಳೀತೀರಿ ಅಂದ್ರೆ, "38 ನಿಮ್ಮದು, ನಷ್ಟ ಆಗಿರೋದು ನಿಮಗೆ" ಅಂತಾರೆ.

ಹೋಗಬೇಕೋ ಬೇಡವೋ ತೀರ್ಮಾನ ಮಾಡಿಲ್ಲ. ಇವತ್ತು ಬೆಳಗ್ಗೆ ಮೊದಲ ಪೀರಿಯಡ್‌ಗೆ ಆ ಹುಡುಗ ಬಂದಿದ್ದ, ಕೈಯಲ್ಲಿ ಅದೇ ಪಟ್ಟಿ, ಮಡಚಿ ಮಡಚಿ ಹರಿದುಹೋಗಿತ್ತು. ಕೆಳಗೆ 28 ಅಂತ ಬರೆದು ನನ್ನ ಹೆಸರು. ಹೆಸರಲ್ಲಿ ಒತ್ತಕ್ಷರ ತಪ್ಪು. ಮೊದಲು ಅದನ್ನ ತಿದ್ದು ಅಂದೆ.

8ನೇ ಕ್ಲಾಸಿನ ಎನ್‌ಎಂಎಂಎಸ್ ವಿದ್ಯಾರ್ಥಿವೇತನದ ಅರ್ಜಿ ಇನ್ನೂ ಹನ್ನೊಂದು ಹಾಕೋದಿದೆ, ಸರ್ವರ್ ಈಗ ಬಂದಿದೆಯಂತೆ. ಬರ್ತೀನಿ.

ಗೇಟ್ ಹೊರಗಿನವನು
ಟಿಕ್ ಹಾಕಿದ್ರಾ ಇಲ್ವಾ, ಅದನ್ನ ಹೇಳಿ ಹೋಗಿ ಮೇಡಂ!